ಕೆರೆಯ ಮೇಲೊಂದು ಕುರ್ಚಿ: ಅರ್ಥವುಳ್ಳ ಆಸನವನ್ನು ಕೈಯಾರೆ ಮಾಡುವ ಬಗೆ

ಮೆಜೆಸ್ಟಿಕ್‌ನಲ್ಲಿ ಬಸ್ಸಿಗಾಗಿ ಕಾಯುತ್ತ ಬೆಂಚಿನ ಮೇಲೆ ಕುಳಿತವರು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕುಳಿತಿರುತ್ತಾರೆ. ಕಂಠೀರವ ಕ್ರೀಡಾಂಗಣದಲ್ಲಿ ಕುಳಿತು ಆಟ ನೋಡುವವರು ಸಂಪಂಗಿ ಕೆರೆಯಲ್ಲಿ ಕುಳಿತಿರುತ್ತಾರೆ. ಬೆಂಗಳೂರಿನವರಾದ ನಾವು ಮುಚ್ಚಿಹೋದ ಕೆರೆಗಳ ಮೇಲೆ ಕುಳಿತಿದ್ದೇವೆ ಎಂಬ ಈ ಮಾತನ್ನು ಚಿತ್ರದಲ್ಲಿ ತೋರಿಸಬಹುದು, ಲೇಖನದಲ್ಲಿ ಬರೆಯಬಹುದು. ಅದನ್ನೇ ಕುರ್ಚಿಯಾಗಿ ಮಾಡಿದರೆ ನೋಡಲು ಬಂದವರು ತಮ್ಮ ಭಾರವನ್ನೇ ಅದರ ಮೇಲೆ ಇಳಿಸಬೇಕಾಗುತ್ತದೆ. ಅಂಥದೊಂದು ಕುರ್ಚಿಯನ್ನು ನಾನು ಗುಜರಿಯ ಪೈಪು, ಮಂಚದ ನವಾರು ಮತ್ತು ಕೆರೆಯ ಕಳೆಯಿಂದ ಮಾಡಿದ್ದೇನೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಸಾಂಕೇತಿಕ ಆಸನವೊಂದನ್ನು ಮೊದಲ ಯೋಚನೆಯಿಂದ ಕೊನೆಯ ಎಣ್ಣೆ ಬಳಿಯುವವರೆಗೆ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನಿಮ್ಮ ವಿಷಯ ಬೇರೆಯಾಗಿರಬಹುದು. ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ ಆಗಿರುತ್ತದೆ.

ಮೊದಲ ಹೆಜ್ಜೆ: ಒಂದು ವಾಕ್ಯ

ಕನ್ನಡದಲ್ಲಿ ಕೂರುವ ವಸ್ತುಗಳಿಗೆ ಇರುವ ಹೆಸರುಗಳನ್ನು ಗಮನಿಸಿದರೆ ಅರ್ಧ ಪಾಠ ಮುಗಿದಂತೆಯೇ. ಮಣೆ ಊಟದ್ದು, ಹಸೆಮಣೆ ಮದುವೆಯದು, ಪೀಠ ಗುರುವಿನದು, ಗದ್ದುಗೆ ಮಠದ್ದು ಅಥವಾ ಅಧಿಕಾರದ್ದು, ಸಿಂಹಾಸನ ಅರಸನದು. ವಿಧಾನಸೌಧದ ಸುದ್ದಿ ಬರೆಯುವವರಿಗಂತೂ ಕುರ್ಚಿ ಎಂದರೆ ಪೀಠೋಪಕರಣವೇ ಅಲ್ಲ. ಅದು ಅಲುಗಾಡುತ್ತದೆ, ಉಳಿಯುತ್ತದೆ, ಅದಕ್ಕಾಗಿ ಕಾದಾಟ ನಡೆಯುತ್ತದೆ. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಏರಿದನೆಂದು ಪರಂಪರೆ ಹೇಳುವ ಪೀಠದ ಹೆಸರು ಶೂನ್ಯ ಸಿಂಹಾಸನ. ಸಿಂಹಾಸನವೆಂಬ ಪದದಲ್ಲಿರುವ ಆಡಂಬರವನ್ನೆಲ್ಲ ಅದರ ಹಿಂದಿನ ಒಂದೇ ಪದ ತೆಗೆದುಹಾಕುತ್ತದೆ. ಆಸನವು ನಮ್ಮಲ್ಲಿ ಮೊದಲಿನಿಂದಲೂ ಸಂಕೇತವೇ ಆಗಿರುವುದರಿಂದ, ಹೊಸದಾಗಿ ಅರ್ಥವನ್ನು ತುಂಬುವುದಕ್ಕಿಂತ ಇರುವ ಅರ್ಥವನ್ನು ತುಸು ತಿರುಗಿಸುವುದೇ ನಿಮ್ಮ ಕೆಲಸ.

ಆದ್ದರಿಂದ ಪೆನ್ಸಿಲ್ ಹಿಡಿದು ಚಿತ್ರ ಬರೆಯುವ ಮೊದಲು ಒಂದು ವಾಕ್ಯವನ್ನು ಬರೆಯಿರಿ. ಆ ವಾಕ್ಯದ ಕ್ರಿಯಾಪದ ಮೈಗೆ ಸಂಬಂಧಿಸಿದ್ದಾಗಿರಬೇಕು: ಕುಸಿಯುವುದು, ಒರಗುವುದು, ಬಗ್ಗುವುದು, ತೂಗುವುದು, ಹೊರುವುದು. 'ಈ ಕುರ್ಚಿ ಪರಿಸರ ಕಾಳಜಿಯನ್ನು ಸೂಚಿಸುತ್ತದೆ' ಎಂಬ ವಾಕ್ಯದಿಂದ ಯಾವ ಕುರ್ಚಿಯೂ ಹುಟ್ಟುವುದಿಲ್ಲ. ಬಹಳವೆಂದರೆ ಒರಗಿನ ಮೇಲೆ ಒಂದು ಎಲೆಯ ಕೆತ್ತನೆ ಹುಟ್ಟುತ್ತದೆ. ನಾನು ಬರೆದುಕೊಂಡ ವಾಕ್ಯ ಹೀಗಿತ್ತು: 'ಕುಳಿತವರು ಕೆರೆಯ ಅಂಗಳಕ್ಕೆ ಇಳಿಯಬೇಕು, ಬೆನ್ನಿಗೆ ಕೆರೆಯ ಏರಿ ಸಿಗಬೇಕು, ಅವರ ಭಾರವನ್ನು ಕೊಳವೆಬಾವಿಗಳು ಹೊರಬೇಕು.' ಕೆರೆಯ ಅಂಗಳ, ಏರಿ (ನೀರನ್ನು ತಡೆಯುವ ಕಟ್ಟೆ), ಕೋಡಿ (ತುಂಬಿದ ನೀರು ಹೊರಹರಿಯುವ ದಾರಿ), ತೂಬು (ನೀರು ಬಿಡುವ ಕಿಂಡಿ) ಎಂಬ ಮಾತುಗಳಿಗೆಲ್ಲ ಕುರ್ಚಿಯಲ್ಲಿ ಜಾಗವಿದೆ ಎಂಬುದು ಈ ವಾಕ್ಯ ಬರೆದ ಮೇಲೆಯೇ ನನಗೆ ಹೊಳೆದದ್ದು. ತೂಬನ್ನು ಮಾತ್ರ ಕೈಬಿಟ್ಟೆ. ಎಲ್ಲವನ್ನೂ ಸೇರಿಸಲು ಹೋದರೆ ಕುರ್ಚಿ ಶಾಲೆಯ ವಿಜ್ಞಾನ ಪ್ರದರ್ಶನದ ಮಾದರಿಯಂತೆ ಕಾಣತೊಡಗುತ್ತದೆ.

ಎರಡನೆಯ ಹೆಜ್ಜೆ: ಸಾಮಗ್ರಿಯ ಪೂರ್ವಜನ್ಮ

ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಯುದ್ಧ ಮುಗಿದ ಮೇಲೆ, 1995ರಲ್ಲಿ, ಜನರಿಂದ ಬಂದೂಕುಗಳನ್ನು ಪಡೆದು ಬದಲಿಗೆ ಹೊಲಿಗೆ ಯಂತ್ರ, ಸೈಕಲ್, ಬೇಸಾಯದ ಸಲಕರಣೆಗಳನ್ನು ಕೊಡುವ ಯೋಜನೆಯೊಂದು ಅಲ್ಲಿ ಆರಂಭವಾಯಿತು. ಹಾಗೆ ಬಂದು, ಕತ್ತರಿಸಿ ನಿಷ್ಕ್ರಿಯಗೊಳಿಸಿದ ಬಂದೂಕುಗಳಿಂದ ಕ್ರಿಸ್ಟೋವಾವ್ ಕಾನ್ಯಾವಾಟೊ ಎಂಬ ಕಲಾವಿದ 2001ರಲ್ಲಿ ಮಾಡಿದ ಸಿಂಹಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅಲಂಕಾರವೆಂಬುದೇ ಇಲ್ಲ, ಆದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಅದೇ ಆಕಾರವನ್ನು ತೇಗದಲ್ಲಿ ಕೆತ್ತಿದ್ದರೆ ಅದು ಬರಿಯ ವಿಚಿತ್ರ ಕುರ್ಚಿಯಾಗುತ್ತಿತ್ತು. ಸಾಮಗ್ರಿ ಈ ಕೆಲಸಕ್ಕೆ ಬರುವ ಮೊದಲು ಏನಾಗಿತ್ತು ಎಂಬುದೇ ಇಲ್ಲಿ ಅರ್ಥವನ್ನು ಹೊರುತ್ತದೆ. ಆಕಾರವೇ ಅರ್ಥವನ್ನು ಹೊರುವ ಉದಾಹರಣೆಗಳೂ ಉಂಟು: ಇಟಲಿಯ ಗೇಟಾನೊ ಪೆಶೆ 1969ರಲ್ಲಿ ರೂಪಿಸಿದ, ಹೆಣ್ಣಿನ ಮೈಯನ್ನು ಹೋಲುವ ಕುರ್ಚಿಗೆ ಒಂದು ಗುಂಡನ್ನು ಕಟ್ಟಿಹಾಕಲಾಗಿದೆ, ಜಿನೀವಾದಲ್ಲಿ ವಿಶ್ವಸಂಸ್ಥೆಯ ಕಚೇರಿಯ ಎದುರು 1997ರಲ್ಲಿ ಮೊದಲು ನಿಲ್ಲಿಸಿದ 12 ಮೀಟರ್ ಎತ್ತರದ ಮರದ ಕುರ್ಚಿಯ ಒಂದು ಕಾಲು ನೆಲಬಾಂಬಿಗೆ ಸಿಕ್ಕಂತೆ ಮುರಿದಿದೆ. ಆದರೂ ಮೊದಲ ಬಾರಿಗೆ ಮಾಡುವವರು ಸಾಮಗ್ರಿಯ ದಾರಿಯನ್ನೇ ಹಿಡಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಕಾರದಿಂದ ಮಾತನಾಡಿಸಲು ಪಳಗಿದ ಕೈ ಬೇಕು.

ಬೆಂಗಳೂರಿನಲ್ಲಿ ಇಂಥ ಸಾಮಗ್ರಿಗೆ ಕೊರತೆಯಿಲ್ಲ. ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗಗಳು, ಎಸ್.ಪಿ. ರಸ್ತೆಯಲ್ಲಿ ಹಾರ್ಡ್‌ವೇರ್ ಮತ್ತು ಎಲೆಕ್ಟ್ರಾನಿಕ್ಸ್, ಶಿವಾಜಿನಗರದ ಕಡೆಯ ಬಂಬೂ ಬಜಾರಿನಲ್ಲಿ ಬಿದಿರು, ಜಾಲಿ ಮೊಹಲ್ಲಾದಲ್ಲಿ ಬೇರ್ಪಡಿಸಿಟ್ಟ ರಾಶಿ ರಾಶಿ ಗುಜರಿ ಸಿಗುತ್ತವೆ. ರಾಮನಗರದ ಮಾರುಕಟ್ಟೆಯ ರೇಷ್ಮೆಗೂಡು, ಚನ್ನಪಟ್ಟಣದ ಅರಗಿನ ಬಣ್ಣ ಹಚ್ಚಿದ ಮರದ ತುಂಡು, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಪೀಠೋಪಕರಣ ಮಾಡುವ ಲಂಟಾನದ ಕಡ್ಡಿ, ಇವೆಲ್ಲ ಒಂದು ದಿನದ ಪ್ರಯಾಣದೊಳಗಿವೆ. ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಉರುಳುವ ಗುಲ್‌ಮೊಹರ್ ಮತ್ತು ಮಳೆಮರದ ಕೊಂಬೆಗಳು ಆಸೆ ಹುಟ್ಟಿಸುವುದು ಸಹಜ. ಆದರೆ ರಸ್ತೆಬದಿಯ ಮರ ಬಿದ್ದರೂ ಪಾಲಿಕೆಯದೇ ಆಗಿರುವುದರಿಂದ ಕೇಳದೆ ಎತ್ತಿಕೊಂಡು ಬರಬೇಡಿ.

ನನಗೆ ಬೇಕಾಗಿದ್ದದ್ದು ಕೊಳವೆಬಾವಿಯಿಂದ ಎತ್ತಿ ಎಸೆದ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು. ಒಂದೂಕಾಲು ಇಂಚಿನದು, ಒಳಗೆ ಸುಣ್ಣದಂಥ ಬಿಳಿಯ ಪದರ ಕಟ್ಟಿ ಹೊರಗೆ ಅಲ್ಲಲ್ಲಿ ಕೆಂಪು ಮಣ್ಣಿನ ಕಲೆ ಉಳಿದದ್ದು. ಗುಜರಿ ಅಂಗಡಿಯವರು ನಾನು ಆರಿಸುವುದನ್ನು ಸ್ವಲ್ಪ ಹೊತ್ತು ನೋಡಿ, 'ಏನ್ ಸಾರ್, ಕಲೆ ಇರೋದನ್ನೇ ಹುಡುಕಿ ಹುಡುಕಿ ತೆಗೀತಿದೀರಲ್ಲ, ಹೊಸಾದು ಪಕ್ಕದ ಬೀದೀಲೇ ಸಿಗುತ್ತೆ' ಎಂದರು. ಆ ಕಲೆಗೇ ನಾನು ದುಡ್ಡು ಕೊಡುತ್ತಿದ್ದೇನೆ ಎಂದು ಹೇಳಿದ್ದರೆ ಬೆಲೆ ಏರುತ್ತಿತ್ತೋ ಏನೋ. ಸುಮ್ಮನೆ ತೂಕ ಮಾಡಿಸಿ ತಂದೆ.

ಗುಜರಿ ತರುವಾಗ ಕೆಲವು ಎಚ್ಚರಿಕೆಗಳು ಬೇಕು. ಜಿಐ ಪೈಪಿನ ಮೇಲಿರುವ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ವೆಲ್ಡಿಂಗ್ ಮಾಡಿದರೆ ಏಳುವ ಹೊಗೆಯನ್ನು ಉಸಿರಾಡಿದವರಿಗೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬರಬಹುದು. ಪಿವಿಸಿಯನ್ನು ಸುಡಬಾರದು, ಅದರ ಹೊಗೆಯಲ್ಲಿ ಆಮ್ಲವಿರುತ್ತದೆ. ಹಳೆಯ ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿರುವುದರಿಂದ ಅವನ್ನು ಕಾಯಿಸುವುದಾಗಲಿ ಗರಗಸದಿಂದ ಕೊಯ್ಯುವುದಾಗಲಿ ಸಲ್ಲದು. ಪೀಣ್ಯ ಅಥವಾ ಬೊಮ್ಮಸಂದ್ರದ ಕಾರ್ಖಾನೆಗಳ ಬಳಿ ಸಿಗುವ, ಸರಕು ಜೋಡಿಸಿಡುವ ಮರದ ಪ್ಯಾಲೆಟ್‌ಗಳ ಮೇಲೆ ಮುದ್ರೆಯಿರುತ್ತದೆ: 'ಎಚ್‌ಟಿ' ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ಬಳಸಬಹುದು, 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದು, ಬಿಟ್ಟುಬಿಡಿ.

ಹೂವಿನ ಬಗ್ಗೆಯೂ ಒಂದು ಮಾತು. ಜಪಾನಿನ ಶಿರೊ ಕುರಾಮಾಟ 1988ರಲ್ಲಿ ಪಾರದರ್ಶಕ ಅಕ್ರಿಲಿಕ್‌ನೊಳಗೆ ಗುಲಾಬಿಗಳು ತೇಲುತ್ತಿರುವಂತೆ ಮಾಡಿದ ಕುರ್ಚಿಯ ಚಿತ್ರವನ್ನು ನೋಡಿ ಮರುಳಾದ ನಾನು, ಕೆ.ಆರ್. ಮಾರುಕಟ್ಟೆಯಿಂದ ತಂದ ಹಳದಿ ಸೇವಂತಿಗೆಯನ್ನು ಹಾಗೆಯೇ, ಗಟ್ಟಿಯಾಗುವ ಅಂಟುದ್ರವವಾದ ರೆಸಿನ್‌ನಲ್ಲಿ ಮುಳುಗಿಸಿದೆ. ಗಟ್ಟಿಯಾಗುವಾಗ ರೆಸಿನ್ ಕಾಯುತ್ತದೆ, ಹೂವಿನಲ್ಲಿರುವ ನೀರು ಗುಳ್ಳೆಯಾಗಿ ಹೊರಬರುತ್ತದೆ. ಮರುದಿನ ನೋಡಿದರೆ ಚಹಾ ಸೋಸಿ ಉಳಿದ ಗಸಿಯಂಥದ್ದೇನೋ ಗಾಜಿನೊಳಗಿತ್ತು. ಕುರಾಮಾಟ ಬಳಸಿದ್ದು ಕೃತಕ ಗುಲಾಬಿ ಎಂದು ನನಗೆ ತಿಳಿದದ್ದು ಆಮೇಲೆ.

ಮೂರನೆಯ ಹೆಜ್ಜೆ: ಅಳತೆ

ಅರ್ಥ ಎಷ್ಟೇ ಗಹನವಾಗಿದ್ದರೂ ಮೊಣಕಾಲಿನ ಎತ್ತರ ಬದಲಾಗುವುದಿಲ್ಲ. ಆಸನದ ಎತ್ತರ 40ರಿಂದ 45 ಸೆಂ.ಮೀ., ಆಳ 40ರಿಂದ 45 ಸೆಂ.ಮೀ., ಅಗಲ ಕನಿಷ್ಠ 45 ಸೆಂ.ಮೀ., ಕೈಯೊರಗು ಇದ್ದರೆ ಆಸನದಿಂದ 20ರಿಂದ 25 ಸೆಂ.ಮೀ. ಮೇಲೆ, ಬೆನ್ನೊರಗು ಆಸನಕ್ಕೆ 95ರಿಂದ 105 ಡಿಗ್ರಿ. ಇವಿಷ್ಟನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಸಾಕು. ಈ ಅಳತೆಯನ್ನು ಮೀರುವುದಾದರೆ ಬೇಕೆಂದೇ ಮೀರಿ, ಮತ್ತು ಅದಕ್ಕೆ ನಿಮ್ಮ ವಾಕ್ಯದಲ್ಲಿ ಕಾರಣವಿರಲಿ.

ನಾಲ್ಕನೆಯ ಹೆಜ್ಜೆ: ರಟ್ಟಿನ ಕುರ್ಚಿ

ಐದರಲ್ಲಿ ಒಂದು ಪ್ರಮಾಣದ ಚಿಕ್ಕ ಮಾದರಿಯನ್ನು ತಂತಿಯಿಂದ ಮಾಡಿ ನೋಡಿ, ಅದು ಕಣ್ಣಿಗೆ ಸರಿಯೆನಿಸಿದ ಮೇಲೆ ಪೂರ್ಣ ಅಳತೆಯದನ್ನು ಪ್ಯಾಕಿಂಗ್ ರಟ್ಟಿನಿಂದ ಮಾಡಿ. ರಟ್ಟನ್ನು ಹಗುರವಾಗಿ ನೋಡಬೇಕಾಗಿಲ್ಲ; ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1972ರಲ್ಲಿ ರಟ್ಟಿನಿಂದಲೇ ಪೀಠೋಪಕರಣಗಳನ್ನು ಮಾಡಿ ಮಾರಿದರು. ರಟ್ಟಿನೊಳಗಿನ ಅಲೆಗಳು ಒಂದು ಪದರದಲ್ಲಿ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಬರುವಂತೆ ಅಂಟಿಸುತ್ತ ಹೋದರೆ ಆಳು ಕುಳಿತರೂ ಕುಸಿಯದು. ಮನೆಯವರನ್ನೆಲ್ಲ ಅದರ ಮೇಲೆ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೆ, ಬೆನ್ನು ಎಲ್ಲಿ ತಾಗುತ್ತದೆ ಎಂದು ಗುರುತು ಹಾಕಿ. ನನ್ನ ಏರಿ ಮೊದಲು ತೀರ ಎತ್ತರವಾಗಿತ್ತು. ಅದು ಏರಿಗಿಂತ ಜೈಲಿನ ಗೋಡೆಯಂತಿದೆ ಎಂದು ನನ್ನ ತಂಗಿ ಹೇಳಿದ ಮೇಲೆ ಒಂದು ಗೇಣು ಇಳಿಸಿದೆ.

ಐದನೆಯ ಹೆಜ್ಜೆ: ಚೌಕಟ್ಟು

ಪೈಪನ್ನು ವೆಲ್ಡಿಂಗ್ ಮಾಡದೆ, ಪ್ಲಂಬರುಗಳು ಬಳಸುವ ಟೀ (ಮೂರು ಬಾಯಿಯ ಜೋಡಣೆ), ಎಲ್ಬೋ (ಮೂಲೆ ತಿರುಗುವ ಜೋಡಣೆ) ಎಂಬ ಫಿಟಿಂಗ್ಗಳಿಂದಲೇ ಜೋಡಿಸಬೇಕೆಂದು ನಾನು ನಿರ್ಧರಿಸಿದ್ದೆ, ಏಕೆಂದರೆ ಕೊಳವೆಬಾವಿಯ ಪೈಪು ಕೊಳವೆಬಾವಿಯ ಪೈಪಿನಂತೆಯೇ ಕಾಣಬೇಕಾಗಿತ್ತು. ಕುರ್ಚಿಯ ಮೂಲೆಯಲ್ಲಿ ಮೂರು ಪೈಪುಗಳು ಮೂರು ದಿಕ್ಕಿನಿಂದ ಬಂದು ಒಂದೆಡೆ ಕೂಡಬೇಕು. ಅಂಥ ಫಿಟಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಪ್ರತಿ ಕಾಲಿನಲ್ಲೂ ಒಂದರ ಮೇಲೊಂದು ಎರಡು ಟೀಗಳನ್ನು ಕೂರಿಸಿ, ಮೇಲಿನದಕ್ಕೆ ಪಕ್ಕದ ಪೈಪನ್ನೂ ಕೆಳಗಿನದಕ್ಕೆ ಮುಂದಿನ ಅಥವಾ ಹಿಂದಿನ ಪೈಪನ್ನೂ ಜೋಡಿಸಬೇಕಾಯಿತು. ಇದರಿಂದ ಪಕ್ಕದ ಪೈಪುಗಳು ನೆಲದಿಂದ 46 ಸೆಂ.ಮೀ. ಎತ್ತರದಲ್ಲಿ ನಿಂತವು, ಮುಂದಿನ ಪೈಪು ಅದಕ್ಕಿಂತ 10 ಸೆಂ.ಮೀ. ಕೆಳಗೆ ಹೋಯಿತು. ಇದು ಅನಿವಾರ್ಯವಾಗಿ ಮಾಡಿಕೊಂಡ ಏರ್ಪಾಡಾದರೂ ಅದರಿಂದ ದೊಡ್ಡ ಉಪಕಾರವೇ ಆಯಿತು: ಮುಂದಿನ ಪೈಪು ತೊಡೆಗೆ ಒತ್ತುವುದು ತಪ್ಪಿತು, ಎರಡು ಪಕ್ಕಗಳ ನಡುವೆ ಜೋಲಿಯಂತೆ ಹೆಣೆದ ಆಸನಕ್ಕೆ ಅಂಗಳದ ತಗ್ಗು ತಾನಾಗಿಯೇ ಬಂದಿತು.

ಹಿಂದಿನ ಎರಡು ಕಾಲುಗಳು ನೆಲದಿಂದ 75 ಸೆಂ.ಮೀ. ಎತ್ತರಕ್ಕೆ ಏರಿ, ಎಲ್ಬೋ ಮೂಲಕ ಹಿಂದಕ್ಕೆ ಬಾಗಿದ ಒಂದು ಪೈಪನ್ನು ಹಿಡಿದಿವೆ, ಅದೇ ಏರಿ. ಪೈಪನ್ನು ಬಾಗಿಸುವ ಮೊದಲು ಅದರೊಳಗೆ ಒಣಮರಳನ್ನು ಗಟ್ಟಿಯಾಗಿ ತುಂಬಿ ಎರಡೂ ತುದಿಗಳನ್ನು ಮುಚ್ಚಿದರೆ ಬಾಗಿದಲ್ಲಿ ಚಪ್ಪಟೆಯಾಗುವುದಿಲ್ಲ. ಬೆಂಡಿಂಗ್ ಯಂತ್ರವಿರುವ ಗ್ರಿಲ್ ಅಂಗಡಿಗೆ ಕೊಡುವಾಗ ಈ ಮಾತನ್ನು ಹೇಳಿ ಕೊಡಿ.

ನನ್ನಿಂದಾದ ತಪ್ಪು ಇಲ್ಲಿಯೇ. ತುದಿಯಲ್ಲಿ ಥ್ರೆಡ್ (ತಿರುಪಿನ ಗೆರೆ) ಇರುವ ಪೈಪುಗಳಿಂದ ಮುಚ್ಚಿದ ಚೌಕವನ್ನು ಮಾಡಲು ಹೊರಟರೆ ಕೊನೆಯ ಪೈಪನ್ನು ಒಂದು ತುದಿಯಲ್ಲಿ ಬಿಗಿಮಾಡಿದಷ್ಟೂ ಇನ್ನೊಂದು ತುದಿ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಎರಡು ಕಡೆಯೂ ಅರ್ಧರ್ಧ ತಿರುಗಿಸಿ, ಬಿಗಿಯಾಯಿತೆಂದು ನಂಬಿ, ನೆಂಟರನ್ನು ಕೂರಿಸಿದೆ. ತಿಂಗಳು ಕಳೆಯುವುದರೊಳಗೆ ಏರಿ ಬಾಗಿಲಿನಂತೆ ತಿರುಗತೊಡಗಿತು. ಮನೆಯ ನಲ್ಲಿ ಸರಿಮಾಡಲು ಬಂದ ಪ್ಲಂಬರ್ ಅದನ್ನು ಕಂಡು, 'ಯೂನಿಯನ್ ಹಾಕ್ದೆ ಹೆಂಗ್ ಸಾರ್ ಟೈಟ್ ಮಾಡಿದ್ರಿ?' ಎಂದು ಕೇಳಿದರು. ಚೌಕ ಮುಚ್ಚುವಲ್ಲೆಲ್ಲ ಯೂನಿಯನ್ ಎಂಬ, ಎರಡು ಭಾಗಗಳಾಗಿ ಬಿಚ್ಚಿಕೊಳ್ಳುವ ಫಿಟಿಂಗ್ ಬೇಕು: ಪಕ್ಕದ ಪೈಪುಗಳ ಹಿಂತುದಿಯಲ್ಲಿ ಒಂದೊಂದು, ಏರಿಯ ಒಂದು ತುದಿಯಲ್ಲಿ ಒಂದು. ಎಲ್ಲವನ್ನೂ ಪೈಪ್ ರೆಂಚ್‌ನಿಂದ ಬಿಗಿದಾದ ಮೇಲೆ ಪ್ರತಿ ಕೀಲಿಗೂ ಸಣ್ಣ ತೂತು ಕೊರೆದು ಉಕ್ಕಿನ ಪಿನ್ನನ್ನು ಬಡಿದು ಕೂರಿಸಿ. ಭಾರ ಬಿದ್ದಾಗ ಥ್ರೆಡ್ ತಾನಾಗಿ ತಿರುಗದಂತೆ ತಡೆಯುವುದು ಆ ಪಿನ್ನೇ.

ಈ ಪೈಪು ಮೀಟರಿಗೆ 3 ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಫಿಟಿಂಗ್ ಬಿಟ್ಟು 5 ಮೀಟರ್ ಹಿಡಿದರೂ 15 ಕಿಲೋ ದಾಟಿತು. ಕುರ್ಚಿಯನ್ನು ಜರುಗಿಸಲು ಇಬ್ಬರು ಬೇಕು. ಕಡಿಮೆ ಮಾಡಬಹುದಾಗಿತ್ತು, ಮಾಡಲಿಲ್ಲ. ಕೊಳವೆಬಾವಿಯ ಸಾಲ ಹಗುರವಾಗಿರುವುದಿಲ್ಲ. ನಂಬರ್ ಪಂಚುಗಳಿಂದ ನಾಲ್ಕು ಕಾಲುಗಳ ಮೇಲೂ ಕ್ರಮವಾಗಿ 30, 300, 800, 1200 ಎಂದು ಒತ್ತಿದ್ದೇನೆ. ಮೊದಲನೆಯದು ಸೇದುವ ಬಾವಿಯ ಆಳ, ಅಡಿಗಳಲ್ಲಿ. ಉಳಿದವು ಏನೆಂದು ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಹೇಳಬೇಕಾಗಿಲ್ಲ.

ಆರನೆಯ ಹೆಜ್ಜೆ: ಹೆಣಿಗೆ

ಕೆರೆಗಳ ಮೇಲೆ ಹಸಿರು ಚಾಪೆಯಂತೆ ಹರಡುವ, ಊದಿದ ದಂಟಿನ, ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಬಂದ ಕಳೆ. ಒಳಚರಂಡಿಯ ನೀರು ಸೇರಿದಷ್ಟೂ ಅದು ಹುಲುಸಾಗಿ ಬೆಳೆಯುತ್ತದೆ. ಕೆರೆ ಶುಚಿಗೊಳಿಸುವವರು ಅದನ್ನು ತೆಗೆದು ಏರಿಯ ಮೇಲೆ ರಾಶಿ ಹಾಕಿದಾಗ, ಅವರನ್ನು ಕೇಳಿಕೊಂಡೇ, ಕೈಗವಸು ಹಾಕಿಕೊಂಡು, ಉದ್ದನೆಯ ದಂಟುಗಳನ್ನು ಮಾತ್ರ ಆರಿಸಿ. ದಂಟಿನ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೀರೇ ಇರುವುದರಿಂದ 10 ಕಿಲೋ ತಂದರೆ ಒಣಗಿದ ಮೇಲೆ ಒಂದು ಕಿಲೋ ಕೂಡ ಉಳಿಯದು. ಇದನ್ನು ಅಂದಾಜು ಮಾಡದೆ ನಾನು ಮೂರು ಸಲ ಕೆರೆಗೆ ಓಡಬೇಕಾಯಿತು.

ದಂಟುಗಳನ್ನು ಚೆನ್ನಾಗಿ ತೊಳೆದು ತಾರಸಿಯ ಮೇಲೆ ಒಂದೇ ಪದರವಾಗಿ ಹರಡಿ ಒಣಗಿಸಬೇಕು. ಫೆಬ್ರುವರಿ, ಮಾರ್ಚ್ ತಿಂಗಳ ಬಿಸಿಲಾದರೆ ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಬೂಷ್ಟು ಹಿಡಿದು ಎಲ್ಲವೂ ಹಾಳಾಗುತ್ತದೆ. ಹಸಿರು ಹೋಗಿ ಕಂದು ಬಣ್ಣ ಬಂದು, ಬೆರಳಿನಷ್ಟು ದಪ್ಪವಿದ್ದದ್ದು ಚಪ್ಪಟೆಯಾದ ಲಾಡಿಯಂತಾದಾಗ ಹದವಾಯಿತೆಂದು ತಿಳಿಯಬೇಕು. ಹೆಣೆಯುವ ಮುನ್ನ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಅರ್ಧ ಗಂಟೆ ಸುತ್ತಿಟ್ಟರೆ ಮುರಿಯದೆ ಬಾಗುತ್ತದೆ. ಮೂರೆಳೆಯ ಜಡೆಯನ್ನು ಹೆಣೆಯುತ್ತ, ಒಂದು ಎಳೆ ಮುಗಿಯುವ ನಾಲ್ಕು ಬೆರಳು ಮೊದಲೇ ಹೊಸ ದಂಟನ್ನು ಅದರೊಡನೆ ಸೇರಿಸಿ. ಮೂರು ಎಳೆಗಳನ್ನೂ ಒಂದೇ ಜಾಗದಲ್ಲಿ ಸೇರಿಸಿದರೆ ಜಡೆ ಅಲ್ಲಿಯೇ ಕೈಕೊಡುತ್ತದೆ.

ಈ ಜಡೆ ನೋಡಲು ಗಟ್ಟಿಯಾಗಿ ಕಂಡರೂ ಮನುಷ್ಯನ ಭಾರವನ್ನು ಅದರ ಮೇಲೆ ನಂಬಿ ಬಿಡುವಂತಿಲ್ಲ. ಭಾರ ಹೊರುವುದಕ್ಕೆ ಮಂಚಕ್ಕೆ ಬಿಗಿಯುವ ನವಾರು ಇದೆ. ಮೊದಲು ನವಾರನ್ನು ಎಡ ಪೈಪಿನಿಂದ ಬಲ ಪೈಪಿಗೆ, ಒಂದಕ್ಕೊಂದು ತಾಗುವಂತೆ, ನಡುವೆ 5 ಸೆಂ.ಮೀ. ತಗ್ಗು ಉಳಿಯುವಂತೆ ಸುತ್ತಿ. ಹೊಸ ನವಾರು ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಅಕ್ಕಿಯ ಮೂಟೆಯನ್ನು ಅದರ ಮೇಲಿಟ್ಟು, ಬೆಳಗ್ಗೆ ಮತ್ತೆ ಬಿಗಿದು, ಆಮೇಲೆ ಜಡೆಯನ್ನು ಮುಂದಿನಿಂದ ಹಿಂದಕ್ಕೆ ಒಂದು ಮೇಲೆ ಒಂದು ಕೆಳಗೆ ತೂರಿಸುತ್ತ ಹೋಗಿ. ಬಲಗಡೆಯ ಮುಂದಿನ ಮೂಲೆಯಲ್ಲಿ ನಾನು ಹೆಣಿಗೆಯನ್ನು ಮುಗಿಸದೆ, ಜಡೆಗಳ ತುದಿಗಳನ್ನು ಬಿಚ್ಚಿ ನೆಲದವರೆಗೂ ಇಳಿಬಿಟ್ಟಿದ್ದೇನೆ. ಅದು ಕೋಡಿ. ನೋಡಿದವರಲ್ಲಿ ಹಲವರು ಅದನ್ನು ಕೆಲಸ ಮುಗಿದಿಲ್ಲವೆಂದೇ ತಿಳಿದರು. ಊರಿನಿಂದ ಬಂದ ನಮ್ಮ ಸೋದರಮಾವ ಮಾತ್ರ ಒಂದು ಸಲ ಕೈಯಾಡಿಸಿ, 'ಕೋಡಿ ಬಿದ್ದದೆ' ಎಂದರು.

ಏಳನೆಯ ಹೆಜ್ಜೆ: ಪರೀಕ್ಷೆ

ಜನರನ್ನು ಕೂರಿಸುವ ಮೊದಲು 50 ಕಿಲೋದ ಎರಡು ಸಿಮೆಂಟ್ ಮೂಟೆಗಳನ್ನು ಆಸನದ ಮೇಲೆ ಒಂದು ದಿನ ಬಿಡಿ. ಅನಂತರ ಒಂದು ಮೂಟೆಯನ್ನು ಇಳಿಸಿ, ಉಳಿದ ಭಾರದೊಡನೆಯೇ ಕುರ್ಚಿಯನ್ನು ಹಿಂದಿನ ಎರಡು ಕಾಲುಗಳ ಮೇಲೆ ವಾಲಿಸಿ ನಿಧಾನವಾಗಿ ಇಳಿಸಿ, ಹೀಗೆ ಹಲವು ಬಾರಿ ಮಾಡಿ. ಕುರ್ಚಿಗಳು ಸಾಮಾನ್ಯವಾಗಿ ಸೋಲುವುದು ನೇರ ಭಾರಕ್ಕಲ್ಲ, ಊಟವಾದ ಮೇಲೆ ಹಿಂದಕ್ಕೆ ವಾಲಿ ತೂಗಾಡುವವರಿಂದ. ಆಗ ಹಿಂದಿನ ಕಾಲಿಗೂ ಆಸನಕ್ಕೂ ನಡುವಿನ ಕೀಲಿನ ಮೇಲೆ ಸೆಳೆತವೆಲ್ಲ ಬೀಳುತ್ತದೆ. ಪರೀಕ್ಷೆಯ ನಂತರ ಪ್ರತಿ ಪಿನ್ನನ್ನೂ ಬೆರಳಿನಿಂದ ಮುಟ್ಟಿ ನೋಡಿ, ಹಳೆಯ ಸೀರೆಯ ತುಂಡೊಂದನ್ನು ಎಲ್ಲ ಅಂಚುಗಳ ಮೇಲೂ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡಲ್ಲಿ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅರ ಹಾಕಿ.

ಕಲ್ಲನ್ನು ಬಳಸುವವರಿಗೆ ಬೇರೊಂದು ಲೆಕ್ಕವಿದೆ. 45 ಸೆಂ.ಮೀ. ಚೌಕದ, 2 ಸೆಂ.ಮೀ. ದಪ್ಪದ ಗ್ರಾನೈಟ್ ಹಲಗೆ ಸುಮಾರು 11 ಕಿಲೋ ತೂಗುತ್ತದೆ. ಒತ್ತಡವನ್ನು ಎಷ್ಟಾದರೂ ತಡೆಯುವ ಕಲ್ಲು ಬಾಗುವಿಕೆಯನ್ನು ತಡೆಯದು, ಮುನ್ಸೂಚನೆಯಿಲ್ಲದೆ ಬಿರುಕು ಬಿಡುತ್ತದೆ. ಆದ್ದರಿಂದ ಅಂಚುಗಳಲ್ಲಷ್ಟೇ ಅಲ್ಲದೆ ನಡುವೆಯೂ ಆಸರೆ ಕೊಡಬೇಕು.

ಎಂಟನೆಯ ಹೆಜ್ಜೆ: ಮೆರುಗು, ಹೆಸರು, ಆರೈಕೆ

ಪೈಪಿನ ಮೇಲಿನ ಮಣ್ಣಿನ ಕಲೆಯನ್ನು ಉಳಿಸಿಕೊಳ್ಳಲು ಹೊಳಪಿಲ್ಲದ ಪಾರದರ್ಶಕ ಲ್ಯಾಕರ್ ಒಂದು ಕೋಟು ಸಾಕು. ಜಡೆಗೆ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತೆಳುವಾಗಿ ಸವರಿದರೆ ಬಿರುಸು ಕಡಿಮೆಯಾಗುತ್ತದೆ. ಆ ಎಣ್ಣೆ ಬಟ್ಟೆಯನ್ನು ಮುದುರಿ ಎಸೆಯಬೇಡಿ; ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುವುದರಿಂದ ಮುದುರಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಪ್ರದರ್ಶನಕ್ಕಿಡುವುದಾದರೆ, ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಂಥ ಕಡೆ ಏನು ಕಾಣುತ್ತದೆಂದು ಮೊದಲು ಒಂದು ದಿನ ನಿಂತು ನೋಡಿ ಬನ್ನಿ. ಚೀಟಿಯಲ್ಲಿ ಹೆಸರು ಮತ್ತು ಸಾಮಗ್ರಿಗಳನ್ನು ಬರೆದರೆ ಸಾಕು. ಅರ್ಥವನ್ನು ಬರೆಯಬೇಕೆನಿಸಿದರೆ ಕುರ್ಚಿಯಲ್ಲಿ ಏನೋ ಕೊರತೆಯಿದೆ ಎಂದು ತಿಳಿದು ಮತ್ತೆ ಕೆಲಸಕ್ಕೆ ಕೂರಬೇಕು. 'ಮುಟ್ಟಬೇಡಿ' ಎಂಬ ಫಲಕವನ್ನಂತೂ ಹಾಕಬೇಡಿ.

ವಾಟರ್ ಹಯಸಿಂತ್‌ನ ಹೆಣಿಗೆ ಬೆತ್ತದಷ್ಟು ಬಾಳುವುದಿಲ್ಲ. ನೀರು ಬಿದ್ದರೆ ಅಂದೇ ಒರೆಸಿ, ತಿಂಗಳಿಗೊಮ್ಮೆ ನೆರಳಿನಲ್ಲಿ ಗಾಳಿಯಾಡಲು ಬಿಡಿ. ಮೊದಲು ಸವೆಯುವುದು ಮುಂದಿನ ಅಂಚು. ಅದಕ್ಕಾಗಿ ನಾಲ್ಕೈದು ಮಾರು ಜಡೆಯನ್ನು ಹೆಚ್ಚಾಗಿ ಹೆಣೆದು, ಪತ್ರಿಕೆಯಲ್ಲಿ ಸುತ್ತಿ, ಬೇವಿನ ಎಲೆಯೊಂದಿಗೆ ಅಟ್ಟದ ಮೇಲಿಟ್ಟಿರಿ. ನನ್ನದು ಮುಗಿಯುತ್ತ ಬಂದಿದೆ. ಮಳೆಗೆ ಮೊದಲು ಇನ್ನೊಮ್ಮೆ ಕೆರೆಗೆ ಹೋಗಬೇಕು.